ಗಿಯೋನ್ ಕೇರಿಯಲ್ಲಿ ಒಂದು ದಿನ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿ ಕಂಡದ್ದನ್ನು ನಾಲ್ಕು ಜನರಿಗೆ ತಿಳಿಸಬೇಕೆಂಬುದು ಹಳೆಯ ಪದ್ಧತಿ. ನಾನು ಜಪಾನಿಗೆ ಹೋಗಿದ್ದೆನೆಂದು ಕೇಳಿದ ಮಿತ್ರರೆಲ್ಲರೂ "ಹೂವಿನ ಕಾಲದಲ್ಲಿ ಹೋಗಿದ್ದಿರಂತಲ್ಲ, ಪುಣ್ಯವಂತರು" ಎನ್ನುತ್ತಾರೆ. ಹೌದು, ಹೂವಿನ ಕಾಲದಲ್ಲಿಯೇ ಹೋಗಿದ್ದೆವು. ಆದರೆ ಹೂವನ್ನು ನೋಡುವುದಕ್ಕೆಂದು ಹೊರಟವರು ನಾವಲ್ಲ.

ನಮ್ಮ ಮಗಳೂ ಅಳಿಯನೂ ಒಸಾಕಾ ನಗರದಲ್ಲಿದ್ದಾರೆ. ಮಗಳಿಗೆ ಮಾರ್ಚಿ ತಿಂಗಳ ನಡುವೆ ದಿನ ತುಂಬುವುದಿತ್ತು. ಬಾಣಂತನಕ್ಕೆಂದು ನಾನೂ ನನ್ನ ಮನೆಯಾಕೆಯೂ ಮಾರ್ಚಿ ಮೊದಲನೆಯ ವಾರಕ್ಕೆ ವಿಮಾನದ ಟಿಕೆಟ್ಟನ್ನು ಐದು ತಿಂಗಳು ಮುಂಚಿತವಾಗಿಯೇ ತೆಗೆದಿಟ್ಟಿದ್ದೆವು. ಸಂಕ್ರಾಂತಿ ಕಳೆದ ಮೂರನೆಯ ದಿನ ರಾತ್ರಿ ಅಳಿಯನಿಂದ ದೂರವಾಣಿ ಬಂದಿತು. ಏಳು ತಿಂಗಳು ತುಂಬಿದ್ದ ಕೂಸು, ಹೆಣ್ಣು, ಹುಟ್ಟಿದಾಗ ಉಸಿರಿರಲಿಲ್ಲ. ಕೂಡಲೇ ಹೊರಡೋಣವೆಂದರೆ ವೀಸಾ ಕೈಗೆ ಬಂದಿರಲಿಲ್ಲ, ಮನೆಯಾಕೆಯ ಮೊಣಕಾಲಿಗೆ ಆಗತಾನೆ ಶಸ್ತ್ರಚಿಕಿತ್ಸೆಯಾಗಿತ್ತು. ಕೊನೆಗೆ ನಾವು ಹೋದದ್ದು ಆ ಮೊದಲಿನ ಟಿಕೆಟ್ಟಿನಲ್ಲಿಯೇ, ಆ ಮೊದಲಿನ ದಿನಕ್ಕೇ.

ಹೋಗಿ ಒಂದು ತಿಂಗಳಾದರೂ ಮಗಳು ಆ ವಿಚಾರವಾಗಿ ಒಂದು ಮಾತನ್ನೂ ಆಡಲಿಲ್ಲ. ನಗುತ್ತಿರಲಿಲ್ಲ ಎಂದಲ್ಲ. ಊಟಕ್ಕೆ ಬಡಿಸುವಳು, ಊರಿನ ಸಮಾಚಾರ ಕೇಳುವಳು, ತಾಯಿಯ ಕಾಲಿಗೆ ಎಣ್ಣೆ ನೀವುವಳು. ಆದರೆ ಮಾತು ಆ ಕಡೆಗೆ ತಿರುಗಿತೆಂದರೆ ಎದ್ದು ಅಡಿಗೆಯ ಮನೆಗೆ ಹೋಗಿಬಿಡುವಳು. ಮನೆಯಿಂದ ಹೊರಗೆ ಹೊರಡುವುದನ್ನೂ ಬಿಟ್ಟಿದ್ದಳು. ಒಂದು ದಿನ ಅಳಿಯ ನನ್ನನ್ನು ಪಕ್ಕಕ್ಕೆ ಕರೆದು, "ಮಾವ, ಕ್ಯೋಟೋದಲ್ಲಿ ಹೂ ಬಂದಿದೆ. ನಾಲ್ಕು ದಿನ ತಡೆದರೆ ಉದುರಿಹೋಗುತ್ತೆ. ಅವಳಿಗೋಸ್ಕರ ಹೋಗೋಣ ಅಂದರೆ ಬರೋದಿಲ್ಲ. ನೀವು ನೋಡಬೇಕು ಅಂದರೆ ಬರುತ್ತಾಳೆ" ಎಂದರು. ಅಂದಿನಿಂದ ನಾನು ಹೂವಿನ ಹುಚ್ಚು ಹಿಡಿದ ಪ್ರವಾಸಿಯ ವೇಷ ಹಾಕಿದೆನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿದವನಾದ್ದರಿಂದ ವೇಷ ಕಷ್ಟವಾಗಲಿಲ್ಲ. ನಾಲ್ಕು ರಾತ್ರಿ ಕುಳಿತು ಸಿಕ್ಕಿದ್ದನ್ನೆಲ್ಲ ಓದಿದೆನು. ಯುಗಾದಿಯ ಹಿಂದಿನ ದಿನ, ಅಳಿಯ ಆಫೀಸಿಗೆ ಹೊರಟ ಮೇಲೆ, ನಾವು ಮೂವರು ರೈಲು ಹತ್ತಿದೆವು.

ಒಸಾಕಾದಿಂದ ಕೇಹಾನ್ ಎಂಬ ರೈಲಿನಲ್ಲಿ ಹೊರಟರೆ ಹೆಚ್ಚುಕಡಮೆ ಒಂದು ಗಂಟೆಯೊಳಗಾಗಿ ಗಿಯೋನ್-ಶಿಜೋ ಎಂಬ ನಿಲ್ದಾಣ ಸಿಕ್ಕುತ್ತದೆ. ಕ್ಯೋಟೋ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ದೇಶಕ್ಕೆ ರಾಜಧಾನಿಯಾಗಿದ್ದ ಪಟ್ಟಣ. ಅದರ ಮೂಡಲ ಭಾಗದಲ್ಲಿ, ಕಾಮೋ ನದಿಗೂ ಬೆಟ್ಟದ ಸಾಲಿಗೂ ನಡುವೆ ಇರುವ ಕೇರಿಯೇ ಗಿಯೋನ್. ಈ ಹೆಸರಿನಲ್ಲಿ ನಮಗೆ ಸಂಬಂಧಪಟ್ಟ ಒಂದು ಸಂಗತಿ ಅಡಗಿದೆ. ಶ್ರಾವಸ್ತಿಯಲ್ಲಿ ಅನಾಥಪಿಂಡದನೆಂಬ ವರ್ತಕನು ಜೇತನೆಂಬ ರಾಜಕುಮಾರನ ತೋಪಿನ ನೆಲವನ್ನೆಲ್ಲ ಹೊನ್ನಿನಿಂದ ಮುಚ್ಚಿ, ಅದನ್ನು ಕೊಂಡು, ಬುದ್ಧನಿಗೆ ಒಪ್ಪಿಸಿದನೆಂಬ ಕಥೆಯನ್ನು ವಾಚಕರು ಬಲ್ಲರು. ಆ ಜೇತವನವೇ ಚೀಣೀ ಅಕ್ಷರಗಳಿಗೆ ಇಳಿದು, ಜಪಾನೀಯರ ನಾಲಗೆಯಲ್ಲಿ ಗಿಯೋನ್ ಆಯಿತು. ಇಲ್ಲಿಯ ದೊಡ್ಡ ದೇವಾಲಯಕ್ಕೆ ಈಗ ಯಾಸಕಾ ಎಂದು ಹೆಸರು. ೧೮೬೮ರಲ್ಲಿ ಸರ್ಕಾರದವರು ಬೌದ್ಧವನ್ನೂ ಶಿಂಟೋ ಮತವನ್ನೂ ಬೇರ್ಪಡಿಸುವವರೆಗೆ ಅದಕ್ಕೂ ಗಿಯೋನ್ ಎಂದೇ ಹೆಸರಿತ್ತು. ಅಲ್ಲಿಯ ದೇವತೆಯನ್ನು ಜೇತವನದ ಕಾವಲಿನವನೆಂದು ನಂಬುತ್ತಿದ್ದರು. ೮೬೯ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಶಾಂತಿಗಾಗಿ ನಡೆಸಿದ ಪೂಜೆಯಿಂದ ಹುಟ್ಟಿದ ಉತ್ಸವ ಇಂದಿಗೂ ಪ್ರತಿ ಜುಲೈ ತಿಂಗಳಲ್ಲಿ ನಡೆಯುತ್ತಿದೆ. ಇದನ್ನೆಲ್ಲ ರೈಲಿನಲ್ಲಿ ಇಬ್ಬರಿಗೂ ವಿವರಿಸಿದೆನು. ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ಮನೆಯಾಕೆ, "ನಾಳೆ ಹಬ್ಬಕ್ಕೆ ಬೇವಿಗೇನು ಮಾಡುವುದು?" ಎಂದಳು. ಹಸಿಯ ಸೊಪ್ಪು ಸೊದೆಯನ್ನು ಆ ದೇಶದೊಳಕ್ಕೆ ತರಲು ವಿಮಾನ ನಿಲ್ದಾಣದವರು ಸುಲಭವಾಗಿ ಬಿಡುವುದಿಲ್ಲ. ಒಂದು ತಿಂಗಳಿಂದ ಆಕೆಗೆ ಅದೇ ಕೊರಗು.

ನಿಲ್ದಾಣದಿಂದ ಮೇಲಕ್ಕೆ ಬಂದರೆ ಪಕ್ಕದಲ್ಲಿಯೇ ಮಿನಾಮಿಜಾ ಎಂಬ ನಾಟಕಶಾಲೆ. ಈಗಿನ ಕಟ್ಟಡ ೧೯೨೯ರದು. ಕಬುಕಿ ನಾಟಕದ ಆದಿಯೂ ಈ ನದಿಯ ದಡದಲ್ಲಿಯೇ, ೧೬೦೩ರಲ್ಲಿ, ಒಕುನಿ ಎಂಬ ಹೆಂಗಸಿನ ಕುಣಿತದಿಂದ ಆಯಿತೆನ್ನುತ್ತಾರೆ. ಅಲ್ಲಿಂದ ಪೂರ್ವಕ್ಕೆ ನಡೆದು ಬಲಕ್ಕೆ ತಿರುಗಿದರೆ ಹನಮಿಕೋಜಿ ಎಂಬ ಬೀದಿ. ಮೂಲೆಯಲ್ಲಿ ಕೆಂಪು ಕಾವಿಯ ಬಣ್ಣದ ಗೋಡೆಯುಳ್ಳ ಇಚಿರಿಕಿ ಎಂಬ ಪ್ರಸಿದ್ಧವಾದ ಚಹಾಗೃಹ. ಚಹಾಗೃಹವೆಂದರೆ ನಮ್ಮ ಹೋಟೆಲೆಂದು ಎಣಿಸಬಾರದು. ಅದು ಔತಣವೂ ಹಾಡು ಕುಣಿತವೂ ನಡೆಯುವ ಮನೆ. ಪರಿಚಯಸ್ಥರು ಕರೆದುಕೊಂಡು ಹೋದ ಹೊರತು ಹೊಸಬರಿಗೆ ಪ್ರವೇಶವಿಲ್ಲ. ಹಣವೆಷ್ಟಿದ್ದರೂ ಅಷ್ಟೆ. ಇದು ಗರ್ವವೆಂದು ಮೊದಲು ನನಗೆ ತೋರಿತು. ಬಾಗಿಲಲ್ಲಿ ಲೆಕ್ಕ ಕೇಳದೆ ಆಮೇಲೆ ಚೀಟಿ ಕಳುಹಿಸುವ ಮನೆಗೆ, ಬರುವವನು ಯಾರೆಂದು ತಿಳಿದಿರಬೇಕಾದದ್ದು ನ್ಯಾಯವೇ ಎಂದು ಆಮೇಲೆ ಹೊಳೆಯಿತು.

ಬೀದಿಯ ಎರಡು ಮಗ್ಗುಲಲ್ಲಿಯೂ ಎರಡಂತಸ್ತಿನ ಮರದ ಮನೆಗಳು. ಕಪ್ಪಾದ ಮರದ ಜಾಲಂದ್ರ. ಮೇಲಂತಸ್ತಿನಲ್ಲಿ ಇಳಿಬಿಟ್ಟ ಬಿದಿರಿನ ತಡಿಕೆ. ಗೋಡೆಯ ಬುಡಕ್ಕೆ ಕೆಸರೂ ಮಳೆಯ ನೀರೂ ತಾಗದಂತೆ ಬಾಗಿಸಿ ಒರಗಿಸಿರುವ ಬಿದಿರ ಪಟ್ಟಿಗಳು. ಮನೆಗಳು ಬೀದಿಗೆ ಕಿರಿದಾಗಿ, ಒಳಕ್ಕೆ ಉದ್ದವಾಗಿ ಹೋಗುತ್ತವೆ. ನಮ್ಮ ಹಳೆಯ ಮೈಸೂರಿನ ಅಗ್ರಹಾರದ ಮನೆಗಳಲ್ಲಿ ಬಾಗಿಲಿಗೆ ನಿಂತರೆ ಹಿತ್ತಿಲ ಬಾವಿ ಕಾಣುತ್ತಿದ್ದ ನೆನಪಾಯಿತು. ಇಲ್ಲಿ ಒಳಗಿನದು ಏನೂ ಕಾಣುವುದಿಲ್ಲ, ಅದೊಂದೇ ವ್ಯತ್ಯಾಸ.

ಆ ಮನೆಗಳಲ್ಲಿ ಒಂದರ ಜಾರುಬಾಗಿಲು ಸರಿದು ಒಬ್ಬಳು ಹುಡುಗಿ ಹೊರಕ್ಕೆ ಬಂದಳು. ಹದಿನಾರು ಹದಿನೇಳರ ವಯಸ್ಸಿರಬಹುದು. ಮುಖಕ್ಕೆಲ್ಲ ಬಿಳಿಯ ಬಣ್ಣ, ತುಟಿಗೆ ಕೆಂಪು, ಬೆನ್ನ ಮೇಲಿಂದ ಹಿಮ್ಮಡಿಯವರೆಗೆ ಇಳಿಬಿದ್ದ ಜರತಾರಿಯ ನಡುಪಟ್ಟಿ, ಕಾಲಿಗೆ ಅರ್ಧ ಗೇಣಿನಷ್ಟು ಎತ್ತರದ ಮರದ ಪಾದುಕೆ. ಇವರನ್ನು ಮಾಯ್ಕೋ ಎಂದು ಕರೆಯುತ್ತಾರೆ. ಹಾಡು, ಕುಣಿತ, ವಾದ್ಯ, ಚಹಾ ನೀಡುವ ಕ್ರಮ ಇವನ್ನು ಐದಾರು ವರ್ಷ ಕಲಿತ ಮೇಲೆ ಗೇಯ್ಕೋ ಆಗುತ್ತಾರೆ. ಕಲಿಯುವವರ ತುರುಬು ಸ್ವಂತ ಕೂದಲಿನದು, ಕಲಿತವರದು ಟೋಪಿಗೂದಲು. ತುರುಬಿಗೆ ಮುಡಿಯುವ ರೇಷ್ಮೆಯ ಹೂವು ತಿಂಗಳು ತಿಂಗಳಿಗೂ ಬದಲಾಗುತ್ತದೆ. ಮಾರ್ಚಿಯಲ್ಲಿ ಸಾಸುವೆಯ ಜಾತಿಯ ಹಳದಿ ಹೂವು, ಏಪ್ರಿಲಿನಲ್ಲಿ ಸಕುರ, ಮೇ ತಿಂಗಳಲ್ಲಿ ನೇರಿಳೆ ಬಣ್ಣದ ಗೊಂಚಲು ಹೂವು. ಹುಡುಗಿಯ ತಲೆ ನೋಡಿ ಪಂಚಾಂಗ ಹೇಳಬಹುದು.

ಆಕೆ ಹೊರಕ್ಕೆ ಬಂದದ್ದೇ ತಡ, ಎಲ್ಲಿದ್ದರೋ, ಹದಿನೈದಿಪ್ಪತ್ತು ಜನ ಮೊಬೈಲು ಎತ್ತಿಕೊಂಡು ಓಡಿದರು. ಒಬ್ಬನು ಆಕೆಯ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಚಿತ್ರ ತೆಗೆದನು. ಒಬ್ಬಾಕೆ ತೋಳನ್ನು ಮುಟ್ಟಿಯೇ ಬಿಟ್ಟಳು. ಹುಡುಗಿ ತಲೆ ತಗ್ಗಿಸಿ, ಆ ಎತ್ತರದ ಪಾದುಕೆಯಲ್ಲಿ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ನಡೆದಳು. ಹೇಳಲು ನಾಚಿಕೆಯಾಗುತ್ತದೆ: ನಾನೂ ಕೈ ಎತ್ತಿದ್ದೆನು. ಮೊಬೈಲಿನ ಮೇಲೆ ಮಗಳ ಕೈ ಬಂದು ಕುಳಿತಿತು.

"ಬೇಡ ಅಣ್ಣ. ಅವಳು ಕೆಲಸಕ್ಕೆ ಹೋಗ್ತಿದಾಳೆ" ಎಂದಳು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎನ್ನುವುದು ರೂಢಿ. ಬೆಳಗಿನಿಂದ ಅವಳಾಗಿ ಆಡಿದ ಮೊದಲ ಮಾತು ಅದು.

ಆಮೇಲೆ ಕಂಡಿತು, ಪಕ್ಕದ ಸಂದಿಯ ಬಾಯಲ್ಲಿಯೇ ಫಲಕವಿದೆ. ಈ ಬೀದಿಯಿಂದ ಕವಲೊಡೆಯುವ ಸಣ್ಣ ಸಂದಿಗಳು ಖಾಸಗಿಯವರ ಸ್ವತ್ತು. ಅಲ್ಲಿ ಚಿತ್ರ ತೆಗೆಯಕೂಡದು, ತೆಗೆದರೆ ೧೦,೦೦೦ ಯೆನ್ ದಂಡವೆಂದು ಕೇರಿಯವರು ೨೦೧೯ರಲ್ಲಿ ಫಲಕ ಹಾಕಿದರು. ಅದರಿಂದಲೂ ಉಪದ್ರವ ತಗ್ಗದೆ, ೨೦೨೪ರ ವಸಂತದಿಂದ ಅಂತಹ ಸಂದಿಗಳಿಗೆ ಪ್ರವಾಸಿಗಳು ಬರಲೇಕೂಡದೆಂದು ತಡೆದರು. ಹೊಸಬರನ್ನು ಬಿಟ್ಟುಕೊಳ್ಳದ ಚಹಾಗೃಹದ ನಿಯಮ ಗರ್ವವೇ ಎಂದು ಕೇಳಿದ ನನಗೆ ಉತ್ತರ ನನ್ನ ಕೈಯಲ್ಲಿಯೇ ಇತ್ತು. ಅದನ್ನು ಜೇಬಿಗೆ ಹಾಕಿದವನು ಸಂಜೆಯವರೆಗೂ ಹೊರತೆಗೆಯಲಿಲ್ಲ. ಆದ್ದರಿಂದ ಮಿತ್ರರಿಗೆ ತೋರಿಸಲು ನನ್ನಲ್ಲಿ ಗಿಯೋನಿನ ಚಿತ್ರಗಳಿಲ್ಲ.

ಆ ಹುಡುಗಿ ಹೋದದ್ದು ಬೀದಿಯಲ್ಲಿಯೇ ಇರುವ ನೃತ್ಯಶಾಲೆಗೆ. ಏಪ್ರಿಲು ತಿಂಗಳು ಪೂರ್ತಿ ಅಲ್ಲಿ "ಮಿಯಾಕೋ ಓದೋರಿ", ಎಂದರೆ ರಾಜಧಾನಿಯ ನೃತ್ಯ, ನಡೆಯುತ್ತದೆ. ೧೮೬೯ರಲ್ಲಿ ಚಕ್ರವರ್ತಿಯು ಟೋಕಿಯೋಗೆ ಹೊರಟುಹೋದನು. ಪಟ್ಟಣ ಬಡವಾಯಿತು. ಮತ್ತೆ ಜನ ಬರುವಂತೆ ಮಾಡಬೇಕೆಂದು ಅಲ್ಲಿಯವರು ವಸ್ತುಪ್ರದರ್ಶನಗಳನ್ನು ಏರ್ಪಡಿಸಿದರು. ಅದರೊಂದಿಗೆ ೧೮೭೨ರಲ್ಲಿ ಈ ನೃತ್ಯವನ್ನು ಹೊಸದಾಗಿ ಕಟ್ಟಿದರು. ವಸಂತದಿಂದ ಹೊರಟು ವರ್ಷದ ಋತುಗಳನ್ನೆಲ್ಲ ಸುತ್ತಿ ಮತ್ತೆ ಸಕುರ ಹೂವಿಗೆ ಬಂದು ಮುಗಿಯುತ್ತದೆ. ನಡುವೆ ತೆರೆ ಬೀಳುವುದೇ ಇಲ್ಲ. ನಮಗೆ ಟಿಕೆಟ್ಟು ಸಿಕ್ಕಲಿಲ್ಲ. ಹೊರಗೆ ತೂಗುಹಾಕಿದ್ದ ಕೆಂಪು ದೀಪಗಳನ್ನು ನೋಡಿ ಮುಂದಕ್ಕೆ ಹೊರಟೆವು. ಬೀದಿಯ ಕೊನೆಯಲ್ಲಿ ಕೆನ್ನಿನ್-ಜಿ ಎಂಬ ಝೆನ್ ಮಠ. ಅದನ್ನು ೧೨೦೨ರಲ್ಲಿ ಸ್ಥಾಪಿಸಿದ ಏಯ್‌ಸಾಯ್ ಎಂಬ ಯತಿ, ಚೀಣಾದಿಂದ ಚಹಾದ ಬೀಜ ತಂದು ಅದರ ಗುಣವನ್ನು ಕುರಿತು ಗ್ರಂಥ ಬರೆದವನು. "ಹಾಗಾದರೆ ಈ ಮಹಾನುಭಾವನಿಗೆ ಒಂದು ನಮಸ್ಕಾರ" ಎಂದಳು ಮನೆಯಾಕೆ. ಆಕೆ ಬಯಸುವ ಚಹಾ ಆ ದೇಶದಲ್ಲಿ ದೊರೆಯುವುದು ದುರ್ಲಭವಾಗಿತ್ತು.

ಇನ್ನು ಮುಂದಿನದು ನನ್ನ ತಪ್ಪು. ಅದನ್ನು ಬಿಟ್ಟು ಬರೆದರೆ ಉಳಿದದ್ದು ಸುಳ್ಳಾಗುತ್ತದೆ.

ಅಲ್ಲಿಂದ ಪೂರ್ವಕ್ಕೆ, ಬೆಟ್ಟದ ಕಡೆಗೆ, ದಾರಿ ಏರುತ್ತದೆ. ಏರಿನಲ್ಲಿ ಯಾಸಕಾ ಪಗೋಡವೆಂಬ ಐದು ನೆಲೆಯ ಗೋಪುರ. ೧೪೪೦ರಲ್ಲಿ ಮರಳಿ ಕಟ್ಟಿದ್ದು, ಎತ್ತರ ೪೬ ಮೀಟರು. ಅದನ್ನು ದಾಟಿ ಬಲಕ್ಕೆ ಹೋದರೆ ಸನ್ನೆನ್‌ಜಾಕಾ ಎಂಬ ಕಲ್ಲು ಮೆಟ್ಟಿಲಿನ ಇಳಿಜಾರು. ಮೇಲೆ ಕಿಯೋಮಿಜು ದೇವಾಲಯ. ಅದರ ಮರದ ಜಗಲಿ ೧೩ ಮೀಟರು ಎತ್ತರದಲ್ಲಿ ಕಂಬಗಳ ಮೇಲೆ ನಿಂತಿದೆಯೆಂದೂ, ಅಲ್ಲಿಂದ ಕೆಳಗಿನ ಹೂವಿನ ತೋಪು ಮೋಡದಂತೆ ಕಾಣುವುದೆಂದೂ ಓದಿದ್ದೆನು. ಮಗಳು ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಳು. "ನೀವು ಹೋಗಿ ಬನ್ನಿ. ನಾನು ಇಲ್ಲೇ ಕೂತಿರುತ್ತೇನೆ" ಎಂದಳು.

ನನಗೆ ವೇಷದ ಉತ್ಸಾಹ. "ಇಷ್ಟು ದೂರ ಬಂದು ಮೇಲೆ ಹೋಗದೆ ಇರುವುದುಂಟೆ? ಅಮ್ಮನ ಕಾಲೇ ಏರುತ್ತೆ ಅಂತಿದೆ, ನಿನಗೇನು? ಸನ್ನೆನ್ ಅಂದರೆ ಮೂರು ವರ್ಷ ಅಂತ ಬರೆದಿದೆ. ಯಾಕೆ ಆ ಹೆಸರು? ನಿನಗೆ ಭಾಷೆ ಬರುತ್ತಲ್ಲ, ಹೇಳು" ಎಂದೆನು.

"ಅದನ್ನು ಇನ್ನೊಂದು ಥರ ಬರೀತಾರೆ ಅಣ್ಣ" ಎಂದಳು ಅವಳು, ಮೆಟ್ಟಿಲುಗಳ ಕಡೆ ನೋಡುತ್ತ. "ಸನ್ನೇಯ್ ಅಂತ. ಸುಖವಾಗಿ ಹೆರಿಗೆಯಾಗಲಿ ಅನ್ನೋ ಅರ್ಥ. ಮೇಲೆ ಅದಕ್ಕೇ ಒಂದು ಗೋಪುರ ಇದೆ. ಬಸುರಿಯರು ಹರಕೆ ಹೊರೋದಕ್ಕೆ ಹತ್ತುತ್ತಾರೆ. ನಾವು ಶ್ರಾವಣದಲ್ಲಿ ಬಂದಿದ್ದೆವು."

ನಾನು ಓದಿದ್ದರಲ್ಲಿ ಜಗಲಿಯ ಎತ್ತರವಿತ್ತು, ಕಂಬಗಳ ವಿಚಾರವಿತ್ತು. ಇದೂ ಎಲ್ಲಿಯೋ ಇದ್ದಿರಬೇಕು; ಗಂಡಸಾದವನು ಪುಟ ತಿರುವಿ ಮುಂದಕ್ಕೆ ಹೋಗಿದ್ದೆನು. ಮನೆಯಾಕೆ ನನ್ನ ಕಡೆಗೆ ನೋಡಿದ ನೋಟವನ್ನು ವಾಚಕರಿಗೆ ವರ್ಣಿಸಲಾರೆ. ಆಕೆ ಏನೂ ಹೇಳದೆ ಮಗಳ ತೋಳು ಹಿಡಿದು ಎಡಕ್ಕೆ, ಇಳಿಯುವ ದಾರಿಗೆ, ತಿರುಗಿದಳು. ಕಿಯೋಮಿಜು ದೇವಾಲಯವನ್ನು ನಾನು ಇಂದಿಗೂ ನೋಡಿಲ್ಲ.

ನಿನೆನ್‌ಜಾಕಾ ಎಂಬ ಇನ್ನೊಂದು ಇಳಿಜಾರಿನಿಂದಿಳಿದು ಉತ್ತರಕ್ಕೆ ನಡೆದರೆ ಮಾರುಯಾಮಾ ಉದ್ಯಾನ. ೧೮೮೬ರಲ್ಲಿ ತೆರೆದದ್ದು, ಆ ಪಟ್ಟಣದ ಉದ್ಯಾನಗಳಲ್ಲೆಲ್ಲ ಹಳೆಯದು. ಮರಗಳ ಕೆಳಗೆ ನೀಲಿಯ ಹಾಸು ಹಾಸಿ, ಚಪ್ಪಲಿಗಳನ್ನು ಅಂಚಿನಲ್ಲಿ ಸಾಲಾಗಿ ಬಿಟ್ಟು, ಸಂಸಾರಸಮೇತರಾಗಿ ಜನ ಕುಳಿತು ಉಣ್ಣುತ್ತಿದ್ದರು. ನಾವೂ ಒಂದು ಬೆಂಚು ಹಿಡಿದು ಪುಳಿಯೋಗರೆ ಬಿಚ್ಚಿದೆವು. ಆ ದೇಶದಲ್ಲಿ ಸಾರು ಪಲ್ಯ ಯಾವುದಕ್ಕೂ ಒಣಮೀನಿನ ಕಷಾಯ ಬೆರೆಸುವ ಪದ್ಧತಿಯಾದ್ದರಿಂದ, ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೊರಡುವುದು ಕ್ಷೇಮ. ಸಿಹಿ ಪದಾರ್ಥಕ್ಕೆ ಮಾತ್ರ ಅಷ್ಟು ಭಯವಿಲ್ಲ. ಮಗಳು ಹೋಗಿ ಸಕುರ-ಮೋಚಿ ಕೊಂಡು ತಂದಳು: ಅಂಟಕ್ಕಿಯ ತರಿಯನ್ನು ಬೇಯಿಸಿ, ನಸುಗೆಂಪು ಬಣ್ಣ ಕೊಟ್ಟು, ಒಳಗೆ ಕೆಂಪು ಕಾಳಿನ ಹೂರಣವಿಟ್ಟು, ಉಪ್ಪಿನಲ್ಲಿ ನೆನೆಸಿದ ಸಕುರದ ಎಲೆಯನ್ನು ಸುತ್ತಿದ ಉಂಡೆ. ಮನೆಯಾಕೆ ಅರ್ಧ ಕಚ್ಚಿ, "ಹೂರಣಕ್ಕೆ ಏಲಕ್ಕಿ ಬೇಕಿತ್ತು. ಆದರೂ ಈ ಉಪ್ಪೆಲೆ ಚೆನ್ನಾಗಿದೆ" ಎಂದು ತೀರ್ಪು ಕೊಟ್ಟಳು.

ಉದ್ಯಾನದ ನಡುವೆ, ಬೇಲಿಯೊಳಗೆ, ಆ ಹೆಸರಾಂತ ಮರವಿದೆ. ಜೋಲುವ ಕೊಂಬೆಯ ಸಕುರ. ಎತ್ತರ ಸುಮಾರು ೧೨ ಮೀಟರು, ಬುಡದ ಸುತ್ತಳತೆ ೨.೮ ಮೀಟರು. ಬುಡ ಕಪ್ಪಗೆ ಗಂಟುಗಂಟಾಗಿ, ಮುದುಕರ ಕೈಯಂತಿದೆ. ಅದರಿಂದ ನಾಲ್ಕು ಕಡೆಗೂ ಇಳಿಬಿದ್ದ ಕೊಂಬೆಗಳಲ್ಲಿ ಒಂದೆಲೆಯೂ ಇಲ್ಲದೆ ಹೂವು, ಬರಿಯ ಹೂವು. ಗುಲಾಬಿ ಬಣ್ಣವೆಂದು ಎಣಿಸಿಕೊಂಡು ಹೋಗಿದ್ದೆನು. ಅದು ಹೆಚ್ಚುಕಡಮೆ ಬಿಳುಪೇ. ಹೂವು ತುಂಬಿದ ದಿನ ಕಳೆದು ಉದುರಲು ಮೊದಲಾಗಿತ್ತು. ಗಾಳಿ ಇಲ್ಲದಿದ್ದರೂ ಒಂದೆರಡು ದಳ ಬೀಳುತ್ತಲೇ ಇದ್ದುವು. ಜನ ಬೇಲಿಯ ಸುತ್ತ ನಿಂತು, ಮಾತು ತಗ್ಗಿಸಿ, ನೋಡುತ್ತಿದ್ದರು.

ಹೂವು ಇಷ್ಟು ಬೇಗ ಮುಗಿಯುವುದು ಈಚಿನ ಸಂಗತಿ. ಕ್ಯೋಟೋದ ದೊರೆಗಳೂ ಸನ್ಯಾಸಿಗಳೂ ದಿನಚರಿಗಳಲ್ಲಿ ಹೂವಿನ ದಿನವನ್ನು ಒಂಬತ್ತನೆಯ ಶತಮಾನದಿಂದಲೂ ಬರೆದಿಟ್ಟಿದ್ದಾರೆ. ವಿದ್ವಾಂಸರು ಅದನ್ನೆಲ್ಲ ಕೂಡಿಸಿ ನೋಡಿದರೆ, ಹಿಂದಿನ ಕಾಲದಲ್ಲಿ ಸಾಮಾನ್ಯವಾಗಿ ಏಪ್ರಿಲು ನಡುವೆ ತುಂಬುತ್ತಿದ್ದ ಹೂವು ೨೦೨೧ರಲ್ಲಿ ಮಾರ್ಚಿ ೨೬ಕ್ಕೇ ತುಂಬಿತು. ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷದ ಲೆಕ್ಕದಲ್ಲಿ ಅಷ್ಟು ಬೇಗ ಬಂದದ್ದಿರಲಿಲ್ಲ. ಭೂಮಿಯ ಕಾವೇರಿದುದೂ ಪಟ್ಟಣ ದಟ್ಟವಾದುದೂ ಕಾರಣವೆನ್ನುತ್ತಾರೆ.

ಮರದ ಮುಂದೆ ನಿಂತೊಡನೆ, ಮೆಟ್ಟಿಲ ಬಳಿಯ ಪಾಠ ಅಷ್ಟರಲ್ಲಿಯೇ ಮರೆತು, ನನ್ನೊಳಗಿನ ಮೇಷ್ಟ್ರು ಎದ್ದನು. ಆ ದೇಶದಲ್ಲೆಲ್ಲ ಈಗ ಹೆಚ್ಚಾಗಿ ಕಾಣುವುದು ಸೋಮೇಯ್-ಯೋಶಿನೋ ಎಂಬ ಜಾತಿ. ಅದು ತನ್ನ ಪರಾಗದಿಂದ ತಾನು ಬೀಜ ಕಟ್ಟುವುದಿಲ್ಲ. ಕಸಿ ಕಟ್ಟಿಯೇ ಬೆಳಸಬೇಕು. ಆದಕಾರಣ ಲಕ್ಷಾಂತರ ಮರಗಳೂ ಒಂದೇ ಮರದ ತುಂಡುಗಳು. ಒಂದೂರಿನವೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುವುದು ಅದರಿಂದ. ಗಿಯೋನಿನ ಈ ಮರ ಹಾಗಲ್ಲ, ಬೀಜದಿಂದ ಬಂದದ್ದು. ಮೊದಲು ಇಲ್ಲಿದ್ದ ಮರ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಬದುಕಿತ್ತು. ೧೯೩೮ರಲ್ಲಿ ಸರ್ಕಾರ ಅದನ್ನು ನಿಸರ್ಗದ ಸ್ಮಾರಕವೆಂದು ಸಾರಿತು. ೧೯೪೭ರಲ್ಲಿ ಅದು ಸತ್ತಿತು. ಕ್ಯೋಟೋದಲ್ಲಿ ಸಾನೋ ಎಂಬ ತೋಟಗಾರರ ವಂಶವಿದೆ. ಮನೆಯ ಯಜಮಾನನಾದವನು ತೋಎಮೋನ್ ಎಂಬ ಒಂದೇ ಹೆಸರನ್ನು ಧರಿಸುತ್ತಾನೆ. ಸಕುರದ ಕಾವಲಿನವರೆಂದು ಅವರಿಗೆ ಪ್ರಸಿದ್ಧಿ. ಹದಿನೈದನೆಯ ತೋಎಮೋನ್ ಆ ಹಳೆಯ ಮರದ ಬೀಜವನ್ನು ೧೯೨೮ರಲ್ಲಿಯೇ ಆಯ್ದು ತನ್ನ ತೋಟದಲ್ಲಿ ಬಿತ್ತಿದ್ದನು. ನಡುವೆ ಯುದ್ಧ ಬಂದಿತು, ಸೋಲು ಬಂದಿತು, ಹಸಿವು ಬಂದಿತು. ಸಸಿ ತೋಟದಲ್ಲಿ ಬೆಳೆಯುತ್ತಲೇ ಇತ್ತು. ಮರ ಸತ್ತ ಎರಡು ವರ್ಷಕ್ಕೆ, ೧೯೪೯ರಲ್ಲಿ, ಅದನ್ನು ತಂದು ಈ ಜಾಗದಲ್ಲಿಯೇ ನೆಟ್ಟರು.

ಇದನ್ನೆಲ್ಲ ನಾನು ಹುಮ್ಮಸ್ಸಿನಿಂದ ಹೇಳಿದೆನು. "ನೋಡು ಮಗು, ಮರ ಹೋದರೂ..." ಎಂದು ತೊಡಗಿದೆನು.

"ಮರದ ವಿಚಾರ ಬೇರೆ" ಎಂದಳು ಮನೆಯಾಕೆ. "ಸ್ವಲ್ಪ ಸುಮ್ಮನಿರಿ."

ಸುಮ್ಮನಾದೆನು. ಮೂವರೂ ಬೇಲಿಯ ಬಳಿ ಬಹಳ ಹೊತ್ತು ನಿಂತಿದ್ದೆವು. ಮಗಳ ತಲೆಯ ಮೇಲೆ ನಾಲ್ಕಾರು ದಳಗಳು ಬಿದ್ದಿದ್ದುವು. ಅವಳು ಒರೆಸಿಕೊಳ್ಳಲಿಲ್ಲ.

ಯಾಸಕಾ ದೇವಾಲಯದ ಅಂಗಳವನ್ನು ಹಾದು ಕೆಂಪು ಮಹಾದ್ವಾರದಿಂದ ಹೊರಕ್ಕೆ ಬಂದು, ಸಂಜೆಗೆ ಶಿರಾಕಾವಾ ಕಾಲುವೆಯ ದಂಡೆಗೆ ಬಂದೆವು. ಈ ಭಾಗವನ್ನು ೧೯೭೬ರಿಂದ ಹಳೆಯ ರೂಪದಲ್ಲಿಯೇ ಕಾಪಾಡಬೇಕೆಂದು ಕಟ್ಟುಮಾಡಿದ್ದಾರೆ. ಕಲ್ಲು ಹಾಸಿನ ಬೀದಿ, ಮರದ ಸಾಲು, ಮೊಣಕಾಲುದ್ದವೂ ಇಲ್ಲದ ತಿಳಿನೀರು. ಒಂದು ದಂಡೆಯಲ್ಲಿ ಮಾತ್ರ ಮನೆಗಳು ನೀರಿಗೆ ಮುಖಮಾಡಿವೆ. ಇನ್ನೊಂದು ದಂಡೆಯ ಮನೆಗಳನ್ನು ೧೯೪೫ರಲ್ಲಿ, ಬಾಂಬು ಬಿದ್ದರೆ ಬೆಂಕಿ ಹಬ್ಬದಿರಲೆಂದು, ಮನೆಯವರ ಕೈಯಿಂದ ಬಿಡಿಸಿ ಕೆಡವಿದರು. ಈಗ ಅಲ್ಲಿ ಬೀದಿಯೂ ಸಕುರದ ಮರಗಳೂ ಇವೆ. ಎಲ್ಲರೂ ನಿಂತು ಮೆಚ್ಚುವ ನೋಟ ಅದು; ಮನೆಗಳಿದ್ದ ಜಾಗವೆಂದು ಗೊತ್ತಿರುವವರು ಕಡಮೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ, ಅಷ್ಟೆ.

ಅಲ್ಲಿಂದ ನಿಲ್ದಾಣಕ್ಕೆ ಹೊರಟ ದಾರಿಯಲ್ಲಿ, ಎರಡು ಮನೆಗಳ ನಡುವೆ, ನಮ್ಮ ತುಳಸಿಕಟ್ಟೆಯಷ್ಟೇ ಎತ್ತರದ ಒಂದು ಮರದ ಗುಡಿ. ಒಳಗೆ ಮೊಳದುದ್ದದ ಕಲ್ಲು. ಕಣ್ಣುಮೂಗು ಸವೆದುಹೋಗಿ, ಮುಖವೆಂದು ಊಹಿಸಬೇಕು. ಕೊರಳಿಗೆ ಕೆಂಪು ಬಟ್ಟೆ ಕಟ್ಟಿದ್ದರು, ಮಕ್ಕಳಿಗೆ ಜೊಲ್ಲು ಸುರಿಯದಂತೆ ಕಟ್ಟುವ ಹಾಗೆ. ಮುಂದೆ ಒಂದು ಬಟ್ಟಲು ನೀರು, ಎರಡು ಹೂವು. ಕ್ಯೋಟೋದ ಗಲ್ಲಿಗಳಲ್ಲಿ ಇಂತಹವು ಅಸಂಖ್ಯಾತವಾಗಿವೆ. ಬೆಳಗಿನಿಂದ ಹತ್ತಾರನ್ನು ಕಂಡಿದ್ದೆವು. ಇದರ ಮುಂದೆ ಒಬ್ಬ ಮುದುಕಿ ಬಾಗಿ ಬಟ್ಟಲಿನ ನೀರನ್ನು ಬದಲಾಯಿಸುತ್ತಿದ್ದಳು. ಮಗಳು ನಿಂತಳು. ಬಾಗಿ ನಮಸ್ಕರಿಸಿ ಏನನ್ನೋ ಕೇಳಿದಳು. ಮುದುಕಿ ಏನೋ ಹೇಳಿದಳು. ಮಗಳು ಮತ್ತೆ ಏನೋ ಹೇಳಿದಳು. ಈ ಸಲ ಬಹಳ ಹೊತ್ತು. ಮುದುಕಿ ಬಟ್ಟಲನ್ನು ಕೆಳಗಿಟ್ಟು ಕೇಳುತ್ತಿದ್ದಳು. ನಮಗೆ ಒಂದಕ್ಷರವೂ ತಿಳಿಯದು. ಆದರೆ ಮೂರು ತಿಂಗಳಿಂದ ನಾವು ಕೇಳಲು ಕಾದಿದ್ದ ಮಾತು ಅದೇ ಎಂದು ಇಬ್ಬರಿಗೂ ತಿಳಿಯಿತು. ಮನೆಯಾಕೆ ಸೆರಗನ್ನು ಬಾಯಿಗಿಟ್ಟುಕೊಂಡಳು.

ಮುದುಕಿ ಆಮೇಲೆ ನಮ್ಮಾಕೆಯ ಕಡೆಗೆ ತಿರುಗಿ ಬಾಗಿದಳು. ಮೇಲೇಳುವಾಗ ಮೊಣಕಾಲು ಹಿಡಿದು ಮುಖ ಹಿಂಡಿದಳು. ನಮ್ಮಾಕೆ ತನ್ನ ಮೊಣಕಾಲನ್ನು ತಟ್ಟಿ ತೋರಿಸಿದಳು. ಭಾಷೆಯಿಲ್ಲದೆ ಇಬ್ಬರೂ ನಕ್ಕರು.

ಕಾಲುವೆಯ ಬಳಿ ಕಲ್ಲಿನ ಮೇಲೆ ಕುಳಿತು ಮಗಳು ಹೇಳಿದಳು. ಆ ದೇವರ ಹೆಸರು ಜಿಜೋ. ಸಂಸ್ಕೃತದಲ್ಲಿ ಕ್ಷಿತಿಗರ್ಭನೆಂಬ ಬೋಧಿಸತ್ವ. ತಂದೆತಾಯಿಗಳಿಗಿಂತ ಮೊದಲು ಹೋದ ಮಕ್ಕಳು ಹೊಳೆ ದಾಟಲಾರದೆ ದಡದಲ್ಲಿ ಕಲ್ಲು ಗುಡ್ಡೆ ಹಾಕುತ್ತ ಕುಳಿತಿರುತ್ತವಂತೆ. ಅವನು ಬಂದು ಅವನ್ನು ತನ್ನ ನಿಲುವಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಳ್ಳುತ್ತಾನಂತೆ. ಕೆಂಪು ಬಟ್ಟೆ, ಕೆಂಪು ಟೋಪಿ ಅದಕ್ಕಾಗಿ. ಆಗಸ್ಟಿನಲ್ಲಿ ಕೇರಿಯ ಮಕ್ಕಳೆಲ್ಲ ಗುಡಿಯ ಮುಂದೆ ಸೇರಿ ಹಬ್ಬ ಮಾಡುತ್ತಾರೆ. "ನಾನೂ ಕಟ್ಟಬಹುದಾ ಅಂತ ಕೇಳಿದೆ. ತಂದುಕೊಡು, ನಾನೇ ಕಟ್ಟುತ್ತೇನೆ ಅಂದರು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅವಳಿಗೆ ಕೂದಲು ಬಹಳ ಇತ್ತು ಅಮ್ಮ" ಎಂದಳು. ಮಿಕ್ಕದ್ದು ಅವರಿಬ್ಬರ ನಡುವಿನ ಮಾತು. ನಾನು ನೀರಿನಲ್ಲಿ ತೇಲಿ ಬರುತ್ತಿದ್ದ ದಳಗಳನ್ನು ನೋಡುತ್ತ ಕುಳಿತಿದ್ದೆನು.

ಮಾರನೆಯ ದಿನ ಯುಗಾದಿ. ಬೇವಿನ ಬದಲು ಮೆಂತ್ಯ ಹುರಿದು ಪುಡಿಮಾಡಿ ಬೆಲ್ಲದಲ್ಲಿ ಕಲಸಿದ್ದಾಯಿತು. ಕಹಿಗೆ ಕೊರತೆಯಿರಲಿಲ್ಲ. ಊಟವಾದ ಮೇಲೆ ಮನೆಯಾಕೆ ತನ್ನ ಪೆಟ್ಟಿಗೆಯ ತಳದಿಂದ ಒಂದು ಗಂಟು ತೆಗೆದಳು. ಬಿಚ್ಚಿದರೆ ಕೆಂಪು ಖಣದ ಕುಲಾವಿ, ಅಂಚಿಗೆ ಹಸುರು ದಾರದ ಕಸೂತಿ. ಹೋದ ದಸರೆಯಲ್ಲಿ ಹೊಲಿದದ್ದು. ಊರಲ್ಲಿಯೇ ಬಿಟ್ಟು ಬಂದೆನೆಂದು ನನಗೆ ಹೇಳಿದ್ದಳು.

ಮಗಳು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಕಟ್ಟುವ ಲಾಡಿಯ ಒಂದು ತುದಿ ಬಿಚ್ಚಿಕೊಂಡಿತ್ತು. "ಕಲ್ಲಿನ ತಲೆ ಇದಕ್ಕಿಂತ ದೊಡ್ಡದು ಅಲ್ವ ಅಮ್ಮ?" ಎಂದಳು. "ಹಿಂದೆ ಒಂದಿಷ್ಟು ಬಿಡಿಸಿ ಪಟ್ಟಿ ಕೊಟ್ಟರಾಯಿತು" ಎಂದಳು ತಾಯಿ. ಇಬ್ಬರೂ ಕಿಟಕಿಯ ಬಳಿ ಕುಳಿತರು. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದೆ ಮನೆಯಾಕೆ ಅದನ್ನು ನನ್ನ ಕೈಗೆ ಕೊಟ್ಟಳು. ನಾಲ್ಕನೆಯ ಸಲಕ್ಕೆ ಪೋಣಿಸಿದೆನು. ಸಂಜೆಯ ರೈಲಿಗೆ ತಾಯಿ ಮಗಳು ಇಬ್ಬರೇ ಹೋಗಿ ಬಂದರು. ಬರುವಾಗ ನನಗಾಗಿ ಎರಡು ಸಕುರ-ಮೋಚಿ ತಂದಿದ್ದರು.